ಒಟ್ಟು 55 ಪರ್ಸೆಂಟ್ ಇದೆ, ಆದರೂ ನರ್ಸಿಂಗ್ ಸೀಟು ಯಾಕಿಲ್ಲ?

ಪ್ರಶ್ನೆ: ಮಗಳು ಈ ಸಲ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ 600ಕ್ಕೆ 330 ತೆಗೆದಿದ್ದಾಳೆ. ಫಿಸಿಕ್ಸ್ 35, ಕೆಮಿಸ್ಟ್ರಿ 38, ಬಯಾಲಜಿ 56, ಇಂಗ್ಲಿಷ್ 51. ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಕೆಸಿಇಟಿಯನ್ನೂ ಬರೆದಿದ್ದಾಳೆ. ನಾವು ಸಾಮಾನ್ಯ ವರ್ಗದವರು. ಬಿ.ಎಸ್ಸಿ. ನರ್ಸಿಂಗ್‌ಗೆ 45 ಪರ್ಸೆಂಟ್ ಸಾಕು ಎಂದು ಕೇಳಿದ್ದೆವು, ಕಾಲೇಜಿನವರು ಆಗುವುದಿಲ್ಲ ಎಂದರು. ಏಜೆಂಟ್ ಒಬ್ಬರು ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರು, ಹಾವೇರಿ ಜಿಲ್ಲೆ

ಉತ್ತರ: ಕಾಲೇಜಿನವರು ಹೇಳಿದ್ದು ಸರಿ. ಆ 45 ಪರ್ಸೆಂಟ್ ಒಟ್ಟು ಅಂಕಕ್ಕಲ್ಲ, ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೇ ಕೂಡಿಸಿ ನೋಡುವ ಲೆಕ್ಕ. ನಿಮ್ಮ ಮಗಳದ್ದು 35+38+56, ಅಂದರೆ 300ಕ್ಕೆ 129, 43 ಪರ್ಸೆಂಟ್. ಬೇಕಾದದ್ದು 135. ಕನ್ನಡ, ಗಣಿತದ ಅಂಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಂಗ್ಲಿಷ್ ಪಾಸಾಗಿದ್ದರೆ ಸಾಕು. (ಪರಿಶಿಷ್ಟ ಜಾತಿ, ಪಂಗಡದವರಿಗೆ 40 ಪರ್ಸೆಂಟ್, ಅಂದರೆ 120.)

ಕೊರತೆ ಬರೀ 6 ಅಂಕದ್ದು. ಏಜೆಂಟರ ಮಾತಿಗೆ ಮೊದಲು ಪರೀಕ್ಷೆ-2ಕ್ಕೆ ಕಟ್ಟಿಸಿ. 2024ರಿಂದ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಎರಡರಲ್ಲಿ ಹೆಚ್ಚು ಬಂದದ್ದೇ ಉಳಿಯುತ್ತದೆ. ಮೂರೂ ವಿಷಯ ಬರೆಯುವ ಅಗತ್ಯವಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ ಎರಡನ್ನೇ ಹಿಡಿದು ಓದಲಿ, ಅಂಕ ಏರಲು ಅಲ್ಲೇ ಹೆಚ್ಚು ಜಾಗವಿದೆ. ನಿರೀಕ್ಷೆಗಿಂತ ಕಡಿಮೆ ಬಂದಿದೆ ಅನ್ನಿಸಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನೂ ತರಿಸಿ. ಅದಿಲ್ಲದೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲಾಗದು. ಗಡುವು ಕೆಲವೇ ದಿನ. ಹೊಸ ಅಂಕ ಬಂದಮೇಲೆ ಅದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ದಾಖಲೆಯಲ್ಲಿ ಸೇರಿದೆಯೇ ಎಂದು ನೀವೇ ನೋಡಿಕೊಳ್ಳಿ.

ಆಗಲೂ 135 ಮುಟ್ಟದಿದ್ದರೆ ಜಿಎನ್‌ಎಂ ಇದೆ. ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಎಂಬ 3 ವರ್ಷದ ಡಿಪ್ಲೊಮಾ. ಯಾವ ವಿಭಾಗದ ಪಿಯುಸಿಯಾದರೂ ಸರಿ, ಒಟ್ಟು 40 ಪರ್ಸೆಂಟ್ ಇರಬೇಕು, ಇಂಗ್ಲಿಷ್‌ನಲ್ಲೂ 40 ಇರಬೇಕು. ಪಿಯುಸಿ ಪಾಸಾಗಿಯೂ ಇಂಗ್ಲಿಷ್‌ನಲ್ಲಿ 36, 37 ತೆಗೆದವರು ಎಡವುವುದು ಇಲ್ಲೇ. ನಿಮ್ಮ ಮಗಳಿಗೆ 51 ಇರುವುದರಿಂದ ಆ ಚಿಂತೆಯಿಲ್ಲ. ಜಿಎನ್‌ಎಂ ಮುಗಿಸಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡ ಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ಒಂದು ವರ್ಷ ಮನೆಯಲ್ಲಿ ಕೂತು ಆಮೇಲೆ 4 ವರ್ಷದ ಬಿ.ಎಸ್ಸಿ.ಗೆ ಸೇರಿದರೂ ಆಗುವುದು ಅದೇ 5 ವರ್ಷ. ಹಾಗಾಗಿ ಕಾಯುವುದಕ್ಕಿಂತ ಜಿಎನ್‌ಎಂಗೆ ಸೇರುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಒಂದು ವ್ಯತ್ಯಾಸ ತಿಳಿದಿರಲಿ: ಏಮ್ಸ್ ನರ್ಸಿಂಗ್ ಆಫೀಸರ್ ಹುದ್ದೆಗೆ ಬಿ.ಎಸ್ಸಿ. ಆದವರಿಗೆ ಅನುಭವ ಬೇಡ, ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು.

ಏಜೆಂಟ್ ಮೂಲಕ ಸೇರಿಸಿದರೆ ಏನಾಗುತ್ತದೆ? 129 ಅಂಕದ ಪ್ರವೇಶಕ್ಕೆ ವಿಶ್ವವಿದ್ಯಾಲಯದ ಅನುಮೋದನೆ ಸಿಗುವುದಿಲ್ಲ, ಅನುಮೋದನೆ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಅಷ್ಟು ಹೊತ್ತಿಗೆ ದುಡ್ಡೂ ವರ್ಷವೂ ಹೋಗಿರುತ್ತದೆ. ಮೂಲ ಅಂಕಪಟ್ಟಿಯನ್ನು ಅವರ ಕೈಗೆ ಕೊಡಲೇಬೇಡಿ. ಕೊಟ್ಟಾಗಿದ್ದರೆ ಇವತ್ತೇ ಹೋಗಿ ವಾಪಸ್ ತನ್ನಿ.