ಶಾಲೆಯಿಂದ ಬಂದ ಆ ಫೋನ್ ದೂರಲ್ಲ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಸಿಂಧನೂರಿನಿಂದ ಇಂಗ್ಲೆಂಡಿಗೆ ಬಂದು ಎರಡು ತಿಂಗಳಾಗಿದೆ, ಏಳು ವರ್ಷದ ಮಗಳು ಶಾಲೆಯಲ್ಲಿ ತುಟಿ ಬಿಚ್ಚುತ್ತಿಲ್ಲ, ‘ಮಂಕಾಗಿದ್ದಾಳೆ, ಬಂದು ಮಾತನಾಡಿ’ ಎಂದು ಟೀಚರ್ ಫೋನ್ ಮಾಡಿದ್ದಾರೆ. ಏನು ಬರೆದುಕೊಳ್ಳುತ್ತಾರೋ ಎಂಬ ಹೆದರಿಕೆ ನಿನಗೆ. ಎಲ್ಲ ಸರಿ ಇದೆ ಎಂದು ಹೇಳಿ ಬಂದುಬಿಡಲೇ ಎಂದು ಕೇಳಿದ್ದೀಯ. ಬೇಡ. ನಾನು ಅದನ್ನೇ ಮಾಡಿದ್ದೆ.

ನಮ್ಮದು ಗಂಗಾವತಿ. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದಾಗ ಮಗನಿಗೆ ಆರು. ಅವನ ತರಗತಿಯ ಗೋಡೆಗೆ ನಾಲ್ಕು ಬಣ್ಣದ ಹಾಳೆ ಅಂಟಿಸಿದ್ದರು. ಹಸಿರು ಎಂದರೆ ಮನಸ್ಸು ನೆಟ್ಟಗಿದೆ, ಹಳದಿ ಕಳವಳ, ಕೆಂಪು ಸಿಟ್ಟು, ನೀಲಿ ಬೇಸರ. ಮಕ್ಕಳು ಬಂದ ಕೂಡಲೇ ತಮ್ಮ ಹೆಸರಿನ ಚೀಟಿಯನ್ನು ಒಂದಕ್ಕೆ ಸಿಕ್ಕಿಸಬೇಕು. ಮೂರು ವಾರ ಇವನ ಚೀಟಿ ನೀಲಿಯ ಮೇಲೆಯೇ ಇತ್ತು. ಟೀಚರ್ ಕೇಳಿದಾಗ ‘ಮನೆಯಲ್ಲಿ ಚೆನ್ನಾಗಿದ್ದಾನೆ’ ಎಂದೆ. ನಾನು ಓದಿದ ಶಾಲೆಯಲ್ಲಿ ಪಾಲಕರನ್ನು ಕರೆಸುತ್ತಿದ್ದುದು ಅಂಕ ಕಡಿಮೆಯಾದಾಗ, ಇಲ್ಲವೇ ಜಗಳವಾದಾಗ. ಮನಸ್ಸಿನ ಮಾತಿಗೂ ಕರೆಸುತ್ತಾರೆಂದು ತಿಳಿದೇ ಇರಲಿಲ್ಲ.

ಎರಡನೆಯ ಸಲ ಕರೆದಾಗ ಅತ್ತುಬಿಟ್ಟೆ. ನನ್ನ ಅವ್ವನ ಮಡಿಲಲ್ಲಿ ಬೆಳೆದ ಹುಡುಗ, ರಾತ್ರಿ ಅವಳ ಹಳೆಯ ಸೀರೆಯ ತುಂಡು ಹಿಡಿದೇ ಮಲಗುತ್ತಾನೆ ಎಂದೆ. ಅಜ್ಜಿಯ ಜೊತೆ ಯಾವಾಗ ಮಾತನಾಡುತ್ತಾನೆ ಎಂದು ಕೇಳಿದರು. ಗಂಟು ಇದ್ದದ್ದೇ ಅಲ್ಲಿ. ಚಳಿಗಾಲದಲ್ಲಿ ನಮ್ಮೂರು ಐದೂವರೆ ಗಂಟೆ ಮುಂದೆ. ಇವನು ನಾಲ್ಕಕ್ಕೆ ಮನೆಗೆ ಬಂದರೆ ಅಲ್ಲಿ ಒಂಬತ್ತೂವರೆ, ಅವ್ವ ಮಲಗಿರುತ್ತಿದ್ದಳು. ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ, ಅವಳು ಮಧ್ಯಾಹ್ನದ ರೊಟ್ಟಿ ಮುರಿಯುವ ಹೊತ್ತಿಗೆ ಫೋನ್ ಮಾಡತೊಡಗಿದೆವು. ಅವಳು ಉಣ್ಣುತ್ತಾ ಮಾತನಾಡುವಳು, ಇವನು ಬೂಟಿನ ಲೇಸು ಕಟ್ಟುತ್ತಾ ಕೇಳುವನು. ಚೀಟಿ ಹಸಿರಿಗೆ ಬಂದದ್ದು ಬೇಸಿಗೆಯ ಹೊತ್ತಿಗೆ.

ಮಗಳ ಮೌನಕ್ಕೆ ಗಾಬರಿಯಾಗಬೇಡ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತಾ ಇರುವುದುಂಟು. ಮನೆಯ ಭಾಷೆ ಬೇರೆಯಾದ ಮಾತ್ರಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಎಂದು ಎಣಿಸಬಾರದೆಂದು ಇಲ್ಲಿನ 2014ರ ಕಾನೂನೇ ಹೇಳುತ್ತದೆ. ಆದ್ದರಿಂದ ಮನೆಯಲ್ಲಿ ಕನ್ನಡ ನಿಲ್ಲಿಸಬೇಡ. ಮನೆಯಲ್ಲಿಯೂ ಮಾತು ಕಡಿಮೆಯಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ ಅದು ಬೇರೆ ಮಾತು, ಮುಚ್ಚಿಡದೆ ಹೇಳು. ಇಂಗ್ಲಿಷ್ ತೊಡರುತ್ತದೆ ಎನಿಸಿದರೆ ದುಭಾಷಿ ಬೇಕೆಂದು ಮೊದಲೇ ಕೇಳು.

ಬರೆದುಕೊಳ್ಳುತ್ತಾರೆ, ನಿಜ. ಮಗುವಿಗೆ ಅಪಾಯವಿದೆ ಎನಿಸಿದರೆ ಗುಟ್ಟಾಗಿ ಇಡುವುದೂ ಇಲ್ಲ. ಮಕ್ಕಳ ಸುರಕ್ಷತೆ ನೋಡಿಕೊಳ್ಳಲು ಪ್ರತಿ ಶಾಲೆಯಲ್ಲೂ ಇರುವ ಹೊಣೆಗಾರರಿಗೆ ತಿಳಿಸಲೇಬೇಕು. ಮಗಳು ಅಜ್ಜಿಯನ್ನು ನೆನೆದು ಅಳುವುದು ಅಂಥ ವಿಷಯವಲ್ಲ.

ಹೋಗುವ ಮುಂಚೆ ಅವಳನ್ನು ಒಂದು ಮಾತು ಕೇಳು: ಊಟದ ಹೊತ್ತಿನಲ್ಲಿ ಯಾರ ಪಕ್ಕ ಕೂರುತ್ತೀ? ಅವಳು ಹೇಳುವ ಹೆಸರನ್ನು ಟೀಚರಿಗೆ ಹೇಳು. ಹೆಸರೇ ಹೇಳದಿದ್ದರೆ ಅದನ್ನೂ ಹೇಳು.