ಕೆಂಪು ಶಾಯಿಯ ಲೆಕ್ಕ

ಮಾನ್ಯರೇ,

ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಕುರಿತು ಅವರ ಹಳೆಯ ವಿದ್ಯಾರ್ಥಿಗಳು ಹೇಳಿದ ಮಾತುಗಳನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿ ತಾವು ಬರೆದ ಪತ್ರವೂ, ಜೊತೆಗಿಟ್ಟಿದ್ದ ಜೆರಾಕ್ಸ್ ಪ್ರತಿಯೂ ತಲುಪಿವೆ. ತಮ್ಮ ಮಗಳು ಎಂ.ಎ. ಅರ್ಥಶಾಸ್ತ್ರದ ಮೊದಲ ವರ್ಷದಲ್ಲಿದ್ದಾಳೆ. ಅವಳ ಪ್ರಾಧ್ಯಾಪಕರು ನೋಟ್ಸ್ ಬರೆಸುವುದಿಲ್ಲ, ವಾರಕ್ಕೊಂದು ಪ್ರಬಂಧ ಕೇಳುತ್ತಾರೆ, ಅದರ ಮೈತುಂಬ ಕೆಂಪು ಗೀಟು ಎಳೆದು ಹಿಂದಿರುಗಿಸುತ್ತಾರೆ ಎಂದು ಬರೆದಿದ್ದೀರಿ. 'ಕಷ್ಟ ಕೊಟ್ಟರು, ಆದರೆ ಕೈಬಿಡಲಿಲ್ಲ' ಎಂದು ಹೊಗಳಿದವರೆಲ್ಲ ದಡ ಸೇರಿದವರು. ನಡುನೀರಿನಲ್ಲಿ ಉಳಿದವರನ್ನು ತಾವು ಕೇಳಿದಿರಾ, ಎಂಬುದು ತಮ್ಮ ಪ್ರಶ್ನೆ.

ಕೇಳಲಿಲ್ಲ. ನಮ್ಮ ಬರಹದಲ್ಲಿ ಮಾತನಾಡಿದವರೆಲ್ಲರೂ ಪದವಿ ಪಡೆದು ನೌಕರಿಗೆ ಸೇರಿದವರೇ. ಆ ಲೋಪವನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅದರಿಂದ ತಾವು ತೆಗೆದ ತೀರ್ಮಾನವನ್ನು, ಅಂದರೆ ಬಿಗಿಯಾದ ಅಧ್ಯಾಪಕರ ಬಗೆಗಿನ ಮೆಚ್ಚುಗೆಯೆಲ್ಲ ಹಳೆಯ ನೆನಪಿನ ಸಿಹಿ ಮಾತ್ರ ಎಂಬುದನ್ನು, ಒಪ್ಪಲಾರೆ.

ಇದೇ ಶಾಸ್ತ್ರದ ದೊಡ್ಡ ಮೇಷ್ಟ್ರೊಬ್ಬರನ್ನು ಇಲ್ಲಿ ನೆನೆಯಬೇಕು. 1885ರಿಂದ 1908ರವರೆಗೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಫ್ರೆಡ್ ಮಾರ್ಷಲ್ ಅವರೂ ನೋಟ್ಸ್ ಬರೆಸುತ್ತಿರಲಿಲ್ಲ. ಬರೆಸುವುದಿರಲಿ, ಅವರ ತರಗತಿಯಿಂದ ಕ್ರಮವಾದ ಟಿಪ್ಪಣಿಯೊಂದನ್ನು ಹೊತ್ತು ಹೊರಬರುವುದೇ ಅಸಾಧ್ಯವಾಗಿತ್ತೆಂದು ಮುಂದೆ ತಾವೂ ಹೆಸರಾಂತ ಅರ್ಥಶಾಸ್ತ್ರಜ್ಞರಾದ ಅವರ ಶಿಷ್ಯ ಜಾನ್ ಮೇನಾರ್ಡ್ ಕೇನ್ಸ್, ಗುರು ತೀರಿಕೊಂಡ 1924ರಲ್ಲೇ, ಬರೆದಿದ್ದಾರೆ. ನಮ್ಮ ಕಾಲೇಜುಗಳಲ್ಲಾಗಿದ್ದರೆ ಇಷ್ಟೇ ಕಾರಣಕ್ಕೆ ಪ್ರಾಂಶುಪಾಲರ ಕೋಣೆಗೆ ಒಂದು ಮನವಿಪತ್ರ ಹೋಗುತ್ತಿತ್ತು. ಆದರೆ ಅದೇ ಮಾರ್ಷಲ್ ಶಿಷ್ಯರು ಬರೆದುಕೊಟ್ಟ ಉತ್ತರಗಳನ್ನು ಕೆಂಪು ಶಾಯಿಯ ಟಿಪ್ಪಣಿಗಳಿಂದ ತುಂಬುತ್ತಿದ್ದರು. ಮನೆಗೆ ಬಂದವರನ್ನು ಕೂರಿಸಿ ಚಹಾ ಕೊಟ್ಟು, ಕಪಾಟಿನ ಪುಸ್ತಕಗಳನ್ನು ಎರವಲು ಕೊಟ್ಟು ಕಳಿಸುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಹಣವಿಲ್ಲದಾಗ ಯುವ ಅಧ್ಯಾಪಕರಿಗೆ ತಮ್ಮ ಕೈಯಿಂದಲೇ ವರ್ಷಕ್ಕೆ 100 ಪೌಂಡ್ ಕೊಡುತ್ತಿದ್ದರು. ಗಣಿತ ಓದಿ ಬಂದಿದ್ದ ಕೇನ್ಸ್ 1905ರಲ್ಲಿ ಅವರ ಬಳಿ ಅರ್ಥಶಾಸ್ತ್ರ ಕಲಿತದ್ದು ಕೆಲವೇ ತಿಂಗಳು. ಅಷ್ಟರಲ್ಲಿಯೇ, ಈ ಹುಡುಗ ಅರ್ಥಶಾಸ್ತ್ರಜ್ಞನೇ ಆಗಬೇಕೆಂದು ಒತ್ತಾಯಿಸಿದವರು ಆ ಕೆಂಪು ಶಾಯಿಯ ಮೇಷ್ಟ್ರು. ಬಿಗಿ ಒಂದು ಕೈಯಲ್ಲಿ, ಪ್ರೀತಿ ಇನ್ನೊಂದು ಕೈಯಲ್ಲಿ ಇತ್ತೆಂದು ಇದನ್ನು ಓದಬೇಕಾಗಿಲ್ಲ. ಒಬ್ಬ ವಿದ್ಯಾರ್ಥಿಯ ತಪ್ಪಿಗೆ ಅಷ್ಟು ಹೊತ್ತು ಕೊಡುವುದೇ ಅವರ ಪ್ರೀತಿಯಾಗಿತ್ತು.

ಹಾಗಿದ್ದರೆ ಓದುತ್ತಿರುವಾಗಲೇ ಹೇಳುವ ಅಭಿಪ್ರಾಯಕ್ಕೆ ಬೆಲೆಯಿಲ್ಲವೇ ಎಂದು ತಾವು ಕೇಳಬಹುದು. ಮಿಲಾನ್ ನಗರದ ಬೊಕೋನಿ ವಿಶ್ವವಿದ್ಯಾಲಯದ ದಾಖಲೆಗಳನ್ನು ಇಟ್ಟುಕೊಂಡು ಮೂವರು ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕರು ಎಂಬುದನ್ನು ಚೀಟಿ ಎತ್ತಿದಂತೆ ಹಂಚಲಾಗುತ್ತಿತ್ತಾದ್ದರಿಂದ, ಜಾಣರೆಲ್ಲ ಒಬ್ಬರ ತರಗತಿಯಲ್ಲೇ ಸೇರಿಕೊಂಡರೆಂಬ ಆಕ್ಷೇಪಕ್ಕೆ ಎಡೆಯಿರಲಿಲ್ಲ. ಯಾರ ಕೈಕೆಳಗೆ ಕಲಿತವರು ಮುಂದಿನ ವಿಷಯಗಳಲ್ಲಿ ಹೆಚ್ಚು ಚೆನ್ನಾಗಿ ಮಾಡಿದರೋ, ಅಂಥ ಅಧ್ಯಾಪಕರಿಗೆ ವಿದ್ಯಾರ್ಥಿಗಳು ಕೊಟ್ಟ ಅಂಕ ಒಟ್ಟಿನಲ್ಲಿ ಕಡಿಮೆಯಿತ್ತು. ಅಭಿಪ್ರಾಯದ ನಮೂನೆ ತುಂಬಿದ ದಿನದ ಹವಾಮಾನ ಕೂಡ ಆ ಅಂಕವನ್ನು ಅಲುಗಾಡಿಸಿತ್ತೆಂಬುದನ್ನು ಓದಿ ನಕ್ಕೆ. ನಮ್ಮಲ್ಲಿಯೂ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗೆ ವಿದ್ಯಾರ್ಥಿಗಳ ತೃಪ್ತಿಯ ಸಮೀಕ್ಷೆ ನಡೆಯುತ್ತದೆ. ಅದರಿಂದ ತಿಳಿಯುವುದು ತೃಪ್ತಿ, ಕಲಿಕೆಯಲ್ಲ. ತೃಪ್ತಿ ಬೇಡವೆಂದು ನಾನು ಹೇಳುತ್ತಿಲ್ಲ. ಅಧ್ಯಾಪಕರು ತಡವಾಗಿ ಬಂದರೇ, ಅವಮಾನಿಸಿದರೇ, ಪತ್ರಿಕೆ ಹಿಂದಿರುಗಿಸದೆ ಸತಾಯಿಸಿದರೇ ಎಂಬುದನ್ನು ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಈಗ ತಮ್ಮ ಪ್ರಶ್ನೆಯ ಗಟ್ಟಿಯಾದ ಭಾಗಕ್ಕೆ ಬರುತ್ತೇನೆ. ಮಾರ್ಷಲ್ ಅವರ ಆರಂಭದ ಶಿಷ್ಯರಲ್ಲಿ ಮೇರಿ ಪೇಲಿ ಎಂಬವರಿದ್ದರು. 1874ರಲ್ಲಿ ಅವರು ಗಂಡಸರಿಗಿಟ್ಟ ಪರೀಕ್ಷೆಯನ್ನೇ ಬರೆದಾಗ ನಾಲ್ವರು ಪರೀಕ್ಷಕರಲ್ಲಿ ಇಬ್ಬರು ಮೊದಲ ದರ್ಜೆ ಎಂದರು, ಇಬ್ಬರು ಎರಡನೆಯದೆಂದರು. ಹೆಣ್ಣುಮಕ್ಕಳಿಗೆ ಪದವಿಯಂತೂ ಇರಲಿಲ್ಲ. ಮುಂದೆ ಮಾರ್ಷಲ್ ಅವರನ್ನು ಮದುವೆಯಾದ ಮೇರಿ, ಪತಿಯೊಡನೆ ಸೇರಿ ಪಠ್ಯಪುಸ್ತಕ ಬರೆದರು, ತಾವೇ ಅಧ್ಯಾಪಕಿಯೂ ಆದರು. ಇಷ್ಟಾದ ಮೇಲೂ, 1896–97ರಲ್ಲಿ ಮಹಿಳೆಯರಿಗೆ ಪದವಿ ಕೊಡಬೇಕೇ ಎಂಬ ಚರ್ಚೆ ಎದ್ದಾಗ ಮಾರ್ಷಲ್ ಅದನ್ನು ಬಲವಾಗಿ ವಿರೋಧಿಸಿದರು. ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಕೇನ್ಸ್ ಅವರ ಮಾತನ್ನಷ್ಟೇ ಪ್ರಕಟಿಸುವ ಪತ್ರಿಕೆಗೆ ಈ ಮಾರ್ಷಲ್ ಕಾಣುವುದೇ ಇಲ್ಲ. ಅದೇ ತಪ್ಪನ್ನು ನಾವೂ ಮಾಡಿದೆವು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಇಂಗ್ಲಿಷ್ ಪಠ್ಯದೆದುರು ತಿಂಗಳುಗಟ್ಟಲೆ ತಡವರಿಸಿ, ಕೊನೆಗೆ ಓದು ಬಿಟ್ಟ ಹುಡುಗಿಗೆ ಆ ಪ್ರಾಧ್ಯಾಪಕರ ಬಾಗಿಲು ಅಷ್ಟೇ ತೆರೆದಿತ್ತೇ ಎಂಬುದನ್ನು ನಾವು ವಿಚಾರಿಸಬೇಕಿತ್ತು. ಮುಂದಿನ ಸಂಚಿಕೆಗಾಗಿ, ನಡುವೆ ಬಿಟ್ಟವರಲ್ಲಿ ಮಾತನಾಡಲು ಒಪ್ಪುವವರನ್ನು ಹುಡುಕುತ್ತಿದ್ದೇವೆ.

ಕೊನೆಯದಾಗಿ, ತಾವು ದೂರಿನ ಸಾಕ್ಷಿಯೆಂದು ಕಳಿಸಿದ ಜೆರಾಕ್ಸ್. ಅದರಲ್ಲಿ ಬಣ್ಣ ಬಂದಿಲ್ಲವಾದರೂ ಅಂಚಿನ ಕೈಬರಹ ಓದಬಹುದು. ಪೆಟ್ರೋಲ್ ಬೇಡಿಕೆಯ ಸ್ಥಿತಿಸ್ಥಾಪಕತ್ವ ಕಡಿಮೆ, ಅಂದರೆ ಬೆಲೆ ಏರಿದರೂ ಬೇಡಿಕೆ ಹೆಚ್ಚು ಬದಲಾಗದು, ಎಂದು ತಮ್ಮ ಮಗಳು ಬರೆದ ಕಡೆ ಅವಳ ಪ್ರಾಧ್ಯಾಪಕರು 'ಯಾವ ಅವಧಿಗೆ? ಒಂದು ವಾರಕ್ಕೋ, ಹತ್ತು ವರ್ಷಕ್ಕೋ?' ಎಂದು ಕೇಳಿದ್ದಾರೆ. ಅಲ್ಪಾವಧಿ, ದೀರ್ಘಾವಧಿಗಳನ್ನು ಬೇರೆಯಾಗಿ ನೋಡುವುದನ್ನು ಅರ್ಥಶಾಸ್ತ್ರಕ್ಕೆ ರೂಢಿ ಮಾಡಿಸಿದವರು ಮಾರ್ಷಲ್. ಬೆಲೆ ಏರಿದ ಮರುದಿನ ಯಾರೂ ಬೈಕ್ ಮಾರುವುದಿಲ್ಲ, ಆದರೆ ವರ್ಷಗಳು ಕಳೆದರೆ ಬಸ್ಸು ಹಿಡಿಯುತ್ತಾರೆ, ವಿದ್ಯುತ್ ಸ್ಕೂಟರ್ ಕೊಳ್ಳುತ್ತಾರೆ. ಗೈಡ್ ಪುಸ್ತಕದಿಂದ ಎತ್ತಿ ಬರೆದ ಸಾಲಿಗೆ ಯಾರೂ ಇಂಥ ಪ್ರಶ್ನೆ ಹಾಕುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಐದನೆಯ ಪುಟದ ಕೆಳಗೆ ಇನ್ನೊಂದು ಸಾಲಿದೆ, ತಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ: 'ಗುರುವಾರ ಮೂರು ಗಂಟೆಗೆ ಬನ್ನಿ, ಕನ್ನಡದಲ್ಲೇ ಮಾತನಾಡೋಣ.' ತಮ್ಮ ಮಗಳು ಹೋದಳೇ ಎಂಬುದನ್ನು ತಾವು ಬರೆದಿಲ್ಲ.

ತಮ್ಮ ವಿಶ್ವಾಸಿ,
ಸಂಪಾದಕ