ಹಳೆಯ ಓಮ್ನಿಯ ಕೂಲಂಟ್ ಎಲ್ಲಿ ಸೋರುತ್ತಿದೆ?

ಪ್ರಶ್ನೆ: ನಮ್ಮದು 2008ರ ಮಾರುತಿ ಓಮ್ನಿ. ಪೆಟ್ರೋಲ್ ಜೊತೆಗೆ ಎಲ್‌ಪಿಜಿ ಕಿಟ್ಟನ್ನೂ ಹಾಕಿಸಿದ್ದೇವೆ. ಕೆಲವು ತಿಂಗಳಿಂದ ರೇಡಿಯೇಟರ್‌ಗೆ ಮೇಲಿಂದ ಮೇಲೆ ನೀರು ತುಂಬಬೇಕಾಗುತ್ತಿದೆ, ಆದರೆ ರಿಸರ್ವ್ ಬಾಟಲಿ ಮಾತ್ರ ತುಂಬಿಯೇ ಇರುತ್ತದೆ. ಗಾಡಿ ನಿಲ್ಲಿಸಿದ ಜಾಗದಲ್ಲಿ ನೆಲ ಒದ್ದೆಯಾಗುವುದಿಲ್ಲ. ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಗ್ಯಾಸಿನಲ್ಲಿ ಓಡಿಸಿದರೆ ವೇಪರೈಸರ್ ಮೇಲೆ ಹಿಮ ಕಟ್ಟಿ ಎಂಜಿನ್ ನಿಂತುಹೋಗುತ್ತದೆ. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು ಎನ್ನುತ್ತಾರೆ. ಬಿಚ್ಚಿಸಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಈಗಲೇ ಬಿಚ್ಚಿಸಬೇಡಿ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್, ಹೋಗಿರುವ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ನೀವು ಬರೆದಿರುವ ಲಕ್ಷಣಗಳಲ್ಲಿ ಎರಡು ಬೇರೆ ಕಡೆಗೆ ಬೊಟ್ಟು ಮಾಡುತ್ತವೆ, ಮತ್ತು ಅವೆರಡನ್ನೂ ಹೆಡ್ಡಿಗೆ ಕೈ ಹಚ್ಚದೆಯೇ ಪರೀಕ್ಷಿಸಬಹುದು.

ಮೊದಲನೆಯದು, ಬಾಟಲಿ ತುಂಬಿರುವಾಗಲೂ ರೇಡಿಯೇಟರ್ ಬರಿದಾಗುತ್ತಿರುವುದು. ರೇಡಿಯೇಟರ್ ಮುಚ್ಚಳದೊಳಗೆ ಎರಡು ವಾಲ್ವುಗಳಿರುತ್ತವೆ. ಎಂಜಿನ್ ಕಾದು ಒತ್ತಡ ಮಿತಿ ಮೀರಿದಾಗ ಒಂದು ವಾಲ್ವು ತೆರೆದುಕೊಂಡು ಹೆಚ್ಚಾದ ಕೂಲಂಟನ್ನು, ಅಂದರೆ ಎಂಜಿನ್ ತಣಿಸುವ ದ್ರವವನ್ನು, ಬಾಟಲಿಗೆ ಬಿಡುತ್ತದೆ. ರಾತ್ರಿ ಎಂಜಿನ್ ತಣಿದು ಒಳಗೆ ನಿರ್ವಾತ ಉಂಟಾದಾಗ ಇನ್ನೊಂದು ವಾಲ್ವು ಅದೇ ಕೂಲಂಟನ್ನು ಬಾಟಲಿಯಿಂದ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನಿಮ್ಮ ಗಾಡಿಯಲ್ಲಿ ಈ ಹಿಂದಿರುಗುವ ಕೆಲಸ ನಡೆಯುತ್ತಿಲ್ಲ. ಮುಚ್ಚಳದ ರಬ್ಬರ್ ಗಟ್ಟಿಯಾಗಿರಬಹುದು, ಬಾಟಲಿಗೆ ಹೋಗುವ ಸಣ್ಣ ಪೈಪು ಬಿರುಕು ಬಿಟ್ಟಿರಬಹುದು, ಇಲ್ಲವೇ ಬೇರೆಲ್ಲೋ ಇರುವ ಸಣ್ಣ ಸೋರಿಕೆಯಿಂದ ಕೂಲಂಟ್ ಬದಲು ಗಾಳಿಯೇ ಒಳಗೆ ಸೇರುತ್ತಿರಬಹುದು. ಮುಚ್ಚಳ ಅಗ್ಗದ ಸಾಮಾನು. ಹಳೆಯದರ ಮೇಲೆ ಅಚ್ಚಾಗಿರುವ ಅಂಕಿಯನ್ನೇ, ಸಾಮಾನ್ಯವಾಗಿ ಅದು 0.9 ಇರುತ್ತದೆ, ನೋಡಿಕೊಂಡು ಹೊಸದನ್ನು ಹಾಕಿಸಿ. ನಿಮ್ಮ ಊರು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದು, ಅಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿದರೆ ಕುದಿಯುವ ಬಿಂದು 115 ಡಿಗ್ರಿಯನ್ನೂ ದಾಟುತ್ತದೆ. ಒತ್ತಡ ನಿಲ್ಲದ ಗಾಡಿ ಘಾಟಿಯ ಏರಿನಲ್ಲಿ ಕಾಯುವುದಕ್ಕೆ ಇದೊಂದೇ ಕಾರಣ ಸಾಕು.

ಎರಡನೆಯದು ವೇಪರೈಸರ್ ಮೇಲಿನ ಹಿಮ, ಮತ್ತು ನಿಮ್ಮ ಪತ್ರದಲ್ಲಿ ಅತ್ಯಂತ ಬೆಲೆಬಾಳುವ ಸುಳಿವು ಇದೇ. ವೇಪರೈಸರ್‌ನಲ್ಲಿ ದ್ರವರೂಪದ ಎಲ್‌ಪಿಜಿ ಅನಿಲವಾಗಿ ಬದಲಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆ ಶಾಖ ಒದಗಲೆಂದೇ ಎಂಜಿನ್ನಿನ ಬಿಸಿ ಕೂಲಂಟನ್ನು ಎರಡು ಹೋಸುಗಳ ಮೂಲಕ ವೇಪರೈಸರ್‌ನೊಳಗೆ ಹಾಯಿಸಿರುತ್ತಾರೆ. ಅಲ್ಲಿ ಹಿಮ ಕಟ್ಟಿದೆಯೆಂದರೆ ಬಿಸಿ ಕೂಲಂಟ್ ಅಲ್ಲಿಗೆ ತಲುಪುತ್ತಿಲ್ಲವೆಂದೇ ಅರ್ಥ. ಎಂಜಿನ್ ಬಿಸಿಯಾದ ಬಳಿಕ, ಬೆಲ್ಟು ಮತ್ತು ಫ್ಯಾನಿನಿಂದ ಕೈಯನ್ನು ದೂರವಿಟ್ಟು, ಆ ಎರಡೂ ಹೋಸುಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಎರಡೂ ಬಿಸಿಯಾಗಿರಬೇಕು. ತಣ್ಣಗಿದ್ದರೆ ಒಳಗೆ ಗಾಳಿ ಸೇರಿಕೊಂಡಿದೆ, ಇಲ್ಲವೇ ಕೂಲಂಟಿನ ಮಟ್ಟ ಆ ಎತ್ತರಕ್ಕಿಂತ ಕೆಳಗಿಳಿದಿದೆ. ವೇಪರೈಸರನ್ನು ರೇಡಿಯೇಟರ್‌ನ ಕೂಲಂಟ್ ಮಟ್ಟಕ್ಕಿಂತ ಕೆಳಗೇ ಕೂರಿಸಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಕಿಟ್ ಹಾಕಿದವರು ಅದನ್ನು ಪಾಲಿಸಿದ್ದಾರೆಯೇ ಎಂಬುದನ್ನೂ ಗಮನಿಸಿ.

ಕಿಟ್ ಹಾಕುವಾಗ ಕಂಪನಿಯ ಹೋಸನ್ನು ಕತ್ತರಿಸಿ ನಡುವೆ ಟಿ ಜಾಯಿಂಟುಗಳನ್ನು ಸೇರಿಸಿರುತ್ತಾರೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಟಿ ಕಾವಿಗೆ ಪೆಡಸಾಗಿ ಸೀಳುತ್ತದೆ. ಕ್ಲಿಪ್ಪನ್ನು ಅತಿಯಾಗಿ ಬಿಗಿದಿದ್ದರೆ ಅದರ ಅಂಚು ರಬ್ಬರನ್ನು ಕಡಿಯುತ್ತದೆ. ನಿಮ್ಮ ಗಾಡಿಯ ಸೋರಿಕೆಯನ್ನು ನಾನು ಎಲ್ಲಕ್ಕಿಂತ ಮೊದಲು ಹುಡುಕುವುದು ಇಲ್ಲಿಯೇ. ನೆಲ ಒದ್ದೆಯಾಗುವುದಿಲ್ಲವೆಂದು ಸೋರಿಕೆ ಇಲ್ಲವೆಂದುಕೊಳ್ಳಬೇಡಿ. ಓಮ್ನಿಯ ಎಂಜಿನ್ ಮುಂದಿನ ಸೀಟುಗಳ ಕೆಳಗಿದೆ. ಓಡುವಾಗ ಹನಿದ ಕೂಲಂಟ್ ಬಿಸಿ ಎಂಜಿನ್ನಿನ ಮೇಲೆ ಬಿದ್ದು ಅಲ್ಲಿಯೇ ಆರಿಹೋಗುತ್ತದೆ. ಆದರೂ ಅದು ಗುರುತು ಉಳಿಸದೆ ಹೋಗುವುದಿಲ್ಲ. ಸೀಟು ಎತ್ತಿ ಟಾರ್ಚ್ ಹಿಡಿದು ನೋಡಿದರೆ, ಕ್ಲಿಪ್ಪಿನ ಕೆಳಗಿನಿಂದ ಹೊರಟು ಲೋಹದ ಮೇಲೆ ಇಳಿದಿರುವ, ಸುಣ್ಣದ ಗೆರೆಯಂಥ ಬಿಳಿ ಅಥವಾ ಹಸಿರು ಕಲೆ ಕಾಣಿಸುತ್ತದೆ. ಕಲೆಯ ಮೇಲ್ತುದಿ ಎಲ್ಲಿದೆಯೋ ಸೋರಿಕೆ ಅಲ್ಲಿದೆ.

ಕಣ್ಣಿಗೆ ಏನೂ ಸಿಗದಿದ್ದರೆ ಪ್ರೆಶರ್ ಟೆಸ್ಟ್ ಮಾಡಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ತುಂಬಿ, ಮುಚ್ಚಳದ ಜಾಗಕ್ಕೆ ಗೇಜ್ ಇರುವ ಕೈಪಂಪನ್ನು ಕೂರಿಸಿ, ಮುಚ್ಚಳದ ಅಂಕಿಯನ್ನು ಮೀರದಂತೆ ಗಾಳಿ ತುಂಬಿ ಕಾಲು ಗಂಟೆ ಬಿಡಬೇಕು. ಬಿಸಿ ಎಂಜಿನ್ನಿನಲ್ಲಿ ಆವಿಯಾಗುತ್ತಿದ್ದ ಹನಿ ತಣ್ಣನೆಯ ಎಂಜಿನ್ನಿನಲ್ಲಿ ಹನಿಯಾಗಿಯೇ ನಿಲ್ಲುತ್ತದೆ. ಟಿ ಜಾಯಿಂಟುಗಳು, ಮುಂಭಾಗದ ರೇಡಿಯೇಟರ್‌ಗೆ ಹೋಗುವ ಹೋಸುಗಳು, ವಾಟರ್ ಪಂಪಿನ ಶಾಫ್ಟಿನ ಬಳಿಯ ಸಣ್ಣ ರಂಧ್ರ, ಇವಿಷ್ಟನ್ನೂ ಆಗ ನೋಡಬೇಕು. ಆ ರಂಧ್ರದಿಂದ ಹನಿಯುತ್ತಿದ್ದರೆ ಪಂಪಿನ ಸೀಲ್ ಸವೆದಿದೆ. ರಂಧ್ರವನ್ನು ಎಂ-ಸೀಲ್ ಹಾಕಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ನೀರು ಬೇರಿಂಗಿಗೆ ಇಳಿಯುತ್ತದೆ, ಆದ್ದರಿಂದ ಖಂಡಿತ ಬೇಡ, ಪಂಪನ್ನೇ ಬದಲಿಸಬೇಕು.

ಗೇಜಿನ ಮುಳ್ಳು ಇಳಿಯುತ್ತಿದ್ದು ಹೊರಗೆಲ್ಲೂ ಹನಿ ಕಾಣದಿದ್ದರೆ ಮಾತ್ರ ಒಳಗಿನ ಸೋರಿಕೆಯ ಪ್ರಶ್ನೆ ಬರುತ್ತದೆ. ಅಂಥ ಸಂದರ್ಭದಲ್ಲಿ ಮೂರೂ ಸಿಲಿಂಡರುಗಳ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಸಿ ನೋಡಿ. ನೀರು ಸೇರುತ್ತಿರುವ ಸಿಲಿಂಡರಿನ ಪ್ಲಗ್ಗು ಉಳಿದೆರಡಕ್ಕಿಂತ ತೊಳೆದಂತೆ ಬೆಳ್ಳಗಿರುತ್ತದೆ. ರೇಡಿಯೇಟರ್‌ನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆಯೂ ಇದೆ. ದ್ರಾವಣ ಹಳದಿಗೆ ತಿರುಗಿದರೆ ಸುಟ್ಟ ಅನಿಲ ಕೂಲಂಟಿಗೆ ನುಗ್ಗುತ್ತಿದೆ. ಆಯಿಲ್ ಮುಚ್ಚಳದಡಿ ಕೊಂಚ ಹಾಲಿನ ಬಣ್ಣದ ಜಿಡ್ಡು ಕಂಡಿತೆಂದು ಗಾಬರಿಯಾಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಸಣ್ಣ ಓಡಾಟಕ್ಕಷ್ಟೇ ಬಳಸುವ ಗಾಡಿಗಳಲ್ಲಿ ತೇವ ಆರದೆ ಹೀಗಾಗುವುದುಂಟು. ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಹಾಲಿನಂತಾಗಿದ್ದರೆ ಮಾತು ಬೇರೆ, ಆಗ ಗಾಡಿ ಓಡಿಸಲೇಬಾರದು. ವೇಪರೈಸರ್‌ನೊಳಗೆ ನೀರನ್ನೂ ಗ್ಯಾಸನ್ನೂ ಬೇರ್ಪಡಿಸುವ ಸೀಲ್ ಹೋದರೂ ಕೂಲಂಟ್ ಗ್ಯಾಸಿನ ದಾರಿಯಲ್ಲಿ ಎಂಜಿನ್ ಸೇರಬಹುದು. ನೀರಿನ ಹೋಸುಗಳ ಕೆಲಸವನ್ನು ಯಾವ ಮೆಕ್ಯಾನಿಕ್ ಬೇಕಾದರೂ ಮಾಡಬಹುದು, ಆದರೆ ಗ್ಯಾಸಿನ ಭಾಗವನ್ನು ಎಲ್‌ಪಿಜಿ ಕಿಟ್ಟಿನ ಅಧಿಕೃತ ಕೇಂದ್ರದಲ್ಲೇ ಬಿಚ್ಚಿಸಿ.

ದುರಸ್ತಿಯಲ್ಲಿ ಅರ್ಧ ಕೆಲಸ ಬೇಡ. ಒಂದು ಹೋಸು ಹೋಗಿದ್ದರೆ ಅದೇ ವಯಸ್ಸಿನ ಉಳಿದವನ್ನೂ ಬದಲಿಸಿ, ಹೋಸು ಕೂರುವ ಲೋಹದ ಮೂತಿಯ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿಸಿ, ಹಿತ್ತಾಳೆಯ ಟಿ ಹಾಕಿಸಿ. ಬೋರ್‌ವೆಲ್ ನೀರು ಒಳಗೆ ಸುಣ್ಣ ಕಟ್ಟುತ್ತದೆ, ಆದ್ದರಿಂದ ಕೂಲಂಟಿಗೆ ಡಿಸ್ಟಿಲ್ಡ್ ನೀರನ್ನೇ ಬೆರೆಸಿ. ತುಂಬುವಾಗ ವೇಪರೈಸರ್‌ನ ಮೇಲಿನ ಹೋಸನ್ನು ಸ್ವಲ್ಪ ಸಡಿಲಿಸಿ, ಗಾಳಿ ಹೋಗಿ ಕೂಲಂಟ್ ಹನಿಯತೊಡಗಿದ ಮೇಲೆ ಬಿಗಿಯಬೇಕು. ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ, ಪೂರ್ತಿ ತಣಿದ ನಂತರ ಮಟ್ಟ ನೋಡಿ ಮತ್ತೆ ತುಂಬಿ. ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಅದು ಅವುಗಳಿಗೆ ಪ್ರಾಣಾಂತಿಕ ವಿಷ.

ದುರಸ್ತಿ ಮುಗಿಯುವವರೆಗೆ ಘಾಟಿಗೆ ಇಳಿಯಬೇಡಿ. ಮೇಲೇರಿದ್ದ ಮುಳ್ಳು ತಟ್ಟನೆ ಕೆಳಗಿಳಿದರೆ ತಣಿಯಿತೆಂದು ಭಾವಿಸಬಾರದು. ನೀರು ಕಡಿಮೆಯಾಗಿ ಸೆನ್ಸರ್ ಬರಿದಾದಾಗಲೂ ಮುಳ್ಳು ಹಾಗೆ ಬೀಳಬಹುದು. ಕೂಡಲೇ ನಿಲ್ಲಿಸಿ, ಬಿಸಿಯಿರುವಾಗ ಮುಚ್ಚಳ ತೆರೆಯಬೇಡಿ. ಅಲ್ಯುಮಿನಿಯಂ ಹೆಡ್ ಒಮ್ಮೆ ಸೊಟ್ಟಗಾದರೆ ಲೇತಿನಲ್ಲಿ ಫೇಸಿಂಗ್ ಮಾಡಿಸುವ ಖರ್ಚು ನಿಜವಾಗಿಯೂ ಮೈಮೇಲೆ ಬರುತ್ತದೆ.

ಪ್ರಶ್ನೆ: ನಮ್ಮ ಊರಿನ ಹವೆಗೆ ಥರ್ಮೋಸ್ಟ್ಯಾಟ್ ಬೇಡವೆಂದು ಮೆಕ್ಯಾನಿಕ್ ನಮ್ಮ ವ್ಯಾನಿನಿಂದ ತೆಗೆದುಹಾಕಿದ್ದಾರೆ. ಇದು ಸರಿಯೇ?
– ಓದುಗರು, ರಾಯಚೂರು

ಉತ್ತರ: ಸರಿಯಲ್ಲ. ಥರ್ಮೋಸ್ಟ್ಯಾಟ್ ಎಂದರೆ ಎಂಜಿನ್ ಕಾಯುವವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವು. ರಾಯಚೂರಿನ ಬಿಸಿಲಿನಲ್ಲೂ ಎಂಜಿನ್ ತನ್ನ ನಿಗದಿತ ಕಾವಿಗೆ ಬೇಗ ಬರಬೇಕು. ಬಾರದಿದ್ದರೆ ಇಂಜೆಕ್ಷನ್ ಇರುವ ಗಾಡಿಯ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆಯೆಂದು ಹೆಚ್ಚು ಪೆಟ್ರೋಲ್ ಬಿಡುತ್ತದೆ, ಗ್ಯಾಸ್ ಕಿಟ್ ಇದ್ದರೆ ವೇಪರೈಸರ್‌ಗೆ ಶಾಖ ಸಾಲದಾಗುತ್ತದೆ. ತೆಗೆದದ್ದು ಕೈಯಲ್ಲಿದ್ದರೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಥರ್ಮಾಮೀಟರ್ ಜೊತೆ ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯಲ್ಲಿ, ಸಾಮಾನ್ಯವಾಗಿ 82 ಅಥವಾ 88, ಬಾಯಿ ತೆರೆಯತೊಡಗಿದರೆ ಅದನ್ನೇ ಹೊಸ ಗ್ಯಾಸ್ಕೆಟ್‌ನೊಡನೆ ಮತ್ತೆ ಕೂರಿಸಬಹುದು. ತೆರೆಯದಿದ್ದರೆ ಹೊಸದನ್ನು ಕೊಳ್ಳಿ.